ಆರೋಗ್ಯ ಕೆಲಸದ ತರಬೇತಿಗೆ ಹಣ ಹಾಕುವ ಮುನ್ನ: ಲೆಕ್ಕ ಹಾಕುವ ಕ್ರಮ



ನಾನು ನಿಮ್ಮ ಊರುಗಳಿಗೆ ಬಂದಾಗ ನೀವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಬೀಜದ ಭತ್ತ, ಗದ್ದೆಗೆ ಹಾಕುವ ಸುಣ್ಣ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇವುಗಳ ವಿಷಯವಾಗಿರುತ್ತವೆ. ಆದರೆ ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ಒಂದೆರಡು ತಿಂಗಳು ಇನ್ನೊಂದು ಪ್ರಶ್ನೆ ಮುಂದೆ ಬರುತ್ತದೆ. “ಮಗಳು ಪಿ.ಯು.ಸಿ. ಪಾಸಾಗಿದ್ದಾಳೆ. ನರ್ಸಿಂಗಿಗೆ ಸೇರಿಸೋಣವೇ? ಎಷ್ಟು ಖರ್ಚು ಬಿದ್ದೀತು?” ಎಂದು ಅಂಗಳದ ತುದಿಯವರೆಗೆ ಬಂದು ಕೇಳುವವರಿದ್ದಾರೆ. ಕಳೆದ ಸಲ ಹೊಳೆಯಾಚೆಯ ಒಂದು ಊರಿನ ಸ್ವಸಹಾಯ ಸಂಘದವರು ಇನ್ನೂ ದೊಡ್ಡ ಪ್ರಶ್ನೆಯನ್ನೇ ಕೇಳಿದರು: “ನಮ್ಮ ಊರಿನಲ್ಲೇ ನಾಲ್ಕು ಜನರಿಗೆ ರೋಗಿಗಳ ಆರೈಕೆ ಕಲಿಸಬೇಕೆಂದಿದ್ದೇವೆ. ಸಂಘದ ಹಣ ಹಾಕಬಹುದೇ?”

ನಾನು ಓದಿದ್ದು ಕೃಷಿ ಡಿಪ್ಲೊಮಾ. ವೈದ್ಯಕೀಯ ನನಗೆ ತಿಳಿಯದು. ಆದರೆ ಹಣ ಹಾಕುವ ಮುನ್ನ ಲೆಕ್ಕ ಹಾಕುವ ಕ್ರಮ ಭತ್ತಕ್ಕೂ ತರಬೇತಿಗೂ ಒಂದೇ. ಆ ಕ್ರಮವನ್ನು ಈ ಪಾಠದಲ್ಲಿ ಹಂತ ಹಂತವಾಗಿ ನೋಡೋಣ. ಓದುವಾಗ ಒಂದು ಕಾಗದ, ಒಂದು ಪೆನ್ಸಿಲು ಹತ್ತಿರ ಇಟ್ಟುಕೊಳ್ಳಿರಿ.

ಎರಡು ಬಗೆಯ ಖರ್ಚು

ಒಂದು ಎಕರೆ ಏಣೆಲು ಬೆಳೆಗೆ ನೀವು ಮಾಡುವ ಖರ್ಚನ್ನು ನೆನಪಿಗೆ ತಂದುಕೊಳ್ಳಿ. ಬೀಜ, ಗೊಬ್ಬರ, ನಾಟಿಯ ಕೂಲಿ, ಕಟಾವಿನ ಕೂಲಿ ಇವು ಗದ್ದೆ ಹೆಚ್ಚಾದಂತೆ ಹೆಚ್ಚಾಗುತ್ತವೆ. ಇವನ್ನು ಏರಿಳಿಯುವ ಖರ್ಚು ಎನ್ನೋಣ. ಟಿಲ್ಲರ್, ಪಂಪು, ಕೆರೆಯ ದುರಸ್ತಿ, ಬೇಲಿ ಇವು ಅರ್ಧ ಎಕರೆ ಬೆಳೆದರೂ ಎರಡು ಎಕರೆ ಬೆಳೆದರೂ ಹೆಚ್ಚು ಕಡಿಮೆ ಅಷ್ಟೇ. ಇವು ನಿಂತ ಖರ್ಚು. ಒಂದು ಕ್ವಿಂಟಲ್ ಭತ್ತಕ್ಕೆ ಎಷ್ಟು ಬಿತ್ತು ಎಂದು ತಿಳಿಯಬೇಕಾದರೆ ಎರಡನ್ನೂ ಕೂಡಿಸಿ, ಕಣಜಕ್ಕೆ ಬಂದ ಭತ್ತದಿಂದ ಭಾಗಿಸಬೇಕು. ಬಿತ್ತಿದ ಬೀಜದಿಂದ ಭಾಗಿಸುವ ರೈತನು ಯಾರೂ ಇಲ್ಲ.

ತರಬೇತಿಯಲ್ಲಿಯೂ ಹಾಗೆಯೇ. ಕಲಿಸುವವರ ಸಂಬಳ, ಕೋಣೆ, ಅಭ್ಯಾಸದ ಗೊಂಬೆಗಳು, ಹಾಸಿಗೆ, ಉಪಕರಣಗಳು ನಿಂತ ಖರ್ಚು. ಕಲಿಯುವವರ ಊಟ, ಬಸ್ಸಿನ ಖರ್ಚು, ಪುಸ್ತಕ, ಸಮವಸ್ತ್ರ ಏರಿಳಿಯುವ ಖರ್ಚು. ಇಷ್ಟು ಸುಲಭ. ಆದರೆ ಭಾಗಿಸುವಾಗ ಬಹಳ ಮಂದಿ ತಪ್ಪುತ್ತಾರೆ. ಸೇರಿದವರ ಸಂಖ್ಯೆಯಿಂದ ಭಾಗಿಸುತ್ತಾರೆ. ಭಾಗಿಸಬೇಕಾದುದು ಕಲಿತು ಮುಗಿಸಿ ಕೆಲಸದಲ್ಲಿ ನಿಂತವರ ಸಂಖ್ಯೆಯಿಂದ. ಈ ಪಾಠದ ಮುಖ್ಯ ಮಾತು ಇದೊಂದೇ. ಉಳಿದುದೆಲ್ಲ ಇದರ ವಿವರಣೆ.

ಬೋಳಾರದ ಹಂಚಿನ ಗೂಡು

ನನ್ನ ಮನೆ ಮಂಗಳೂರಿನ ಬೋಳಾರದಲ್ಲಿದೆ. ಪಕ್ಕದ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆಯನ್ನು ತೆರೆದರು. ಆಮೇಲೆ ಬೋಳಾರದ ಹೊಳೆಬದಿಯಲ್ಲಿಯೂ ಕಾರ್ಖಾನೆಗಳು ಬಂದವು. ನಿಮ್ಮಲ್ಲಿ ಅನೇಕರ ಮನೆಯ ಮಾಡಿನ ಹಂಚು ಆ ಕಡೆಯಿಂದಲೇ ಬಂದಿರಬಹುದು. ನನ್ನ ತಂದೆಯವರು ಅಂಥ ಒಂದು ಕಾರ್ಖಾನೆಯಲ್ಲಿ ಗೂಡಿನ ಕೆಲಸ ಮಾಡುತ್ತಿದ್ದರು.

ಅವರು ಹೇಳುತ್ತಿದ್ದ ಎರಡು ಮಾತುಗಳು ನನಗೆ ನೆನಪಿವೆ. ಮೊದಲನೆಯದು: ಗೂಡು ಅರ್ಧ ತುಂಬಿದ್ದರೂ ಸೌದೆ ಹೆಚ್ಚು ಕಡಿಮೆ ಪೂರ್ತಿಯೇ ಬೇಕು. ಆದುದರಿಂದ ಗೂಡನ್ನು ಬರಿದಾಗಿ ಉರಿಸಬಾರದು. ಎರಡನೆಯದು: ಗೂಡಿನಿಂದ ಹೊರಗೆ ಬಂದ ಮೇಲೆ ಒಡೆದ ಹಂಚಿಗೆ ತಗಲಿದ ಸೌದೆ, ಮಣ್ಣು, ಕೂಲಿ ಎಲ್ಲವನ್ನೂ ಒಡೆಯದೆ ಉಳಿದ ಹಂಚೇ ಹೊರಬೇಕು. ಮಣ್ಣು ಹದ ಮಾಡುವಾಗ ಒಂದು ದಿನ ಉಳಿಸಿದವನು ಗೂಡಿನ ಬಾಯಲ್ಲಿ ಹತ್ತು ದಿನದ ಕೂಲಿ ಕಳೆದುಕೊಳ್ಳುತ್ತಾನೆ.

ತರಬೇತಿ ವರ್ಗಕ್ಕೂ ಈ ಎರಡು ಮಾತುಗಳು ಸಲ್ಲುತ್ತವೆ. ಅರ್ಧ ತುಂಬಿದ ವರ್ಗ ದುಬಾರಿ. ಆದರೆ ಸಿಕ್ಕಿದವರನ್ನೆಲ್ಲ ಕರೆದು ತುಂಬಿಸಿದ ವರ್ಗ ಕೆಲವೊಮ್ಮೆ ಅದಕ್ಕಿಂತಲೂ ದುಬಾರಿ.

ನನ್ನ ಮನೆಯಲ್ಲಿ ಆದ ತಪ್ಪು

ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ನನ್ನ ತಂಗಿ ಪಿ.ಯು.ಸಿ. ಮುಗಿಸಿದಾಗ ದೂರದ ಒಂದು ಊರಿನ ಸಂಸ್ಥೆಯವರ ಕರಪತ್ರ ಮನೆಗೆ ಬಂತು. ಎರಡು ವರ್ಷದ ಕಲಿಕೆ, ಶುಲ್ಕ ಇತರ ಕಡೆಗಿಂತ ಕಡಿಮೆ, ಮುಗಿದ ಕೂಡಲೆ ಆಸ್ಪತ್ರೆಯಲ್ಲಿ ಕೆಲಸ ಎಂದು ಅಚ್ಚಾಗಿತ್ತು. ನಾನು ಆಗ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದೆ. ಊರೂರಿಗೆ ಹೋಗಿ “ಗೊಬ್ಬರದ ಚೀಲ ಕೊಳ್ಳುವ ಮುನ್ನ ಮೇಲಿನ ಮುದ್ರೆ ನೋಡಿ” ಎಂದು ಹೇಳುತ್ತಿದ್ದವನು ನಾನೇ. ಆದರೆ ಆ ಕರಪತ್ರದ ಮೇಲೆ ಯಾವ ಮುದ್ರೆ ಇದೆ ಎಂದು ನೋಡಲಿಲ್ಲ. ಶುಲ್ಕ ಕಡಿಮೆ ಎಂಬುದನ್ನು ಮಾತ್ರ ನೋಡಿದೆ. ಅಮ್ಮನ ಎರಡು ಬಳೆಗಳು ಹೋದವು.

ಎರಡು ವರ್ಷ ಕಳೆದು ತಂಗಿ ಕೆಲಸ ಕೇಳಲು ಹೋದಾಗ ಅವರು ಕೇಳಿದ ಮೊದಲನೆಯ ಕಾಗದ ನರ್ಸಿಂಗ್ ಕೌನ್ಸಿಲಿನ ನೋಂದಣಿ ಪತ್ರ. ಅವಳ ಕೈಯಲ್ಲಿದ್ದುದು ಸಂಸ್ಥೆಯವರೇ ಕೊಟ್ಟ ಒಂದು ಬಣ್ಣದ ಪ್ರಮಾಣಪತ್ರ. ಅದರ ಮೇಲೆ ನೋಂದಣಿಯಾಗುವಂತಿರಲಿಲ್ಲ. ಮನೆಗೆ ಬಂದು ಅವಳು ಯಾರನ್ನೂ ಬೈಯಲಿಲ್ಲ. “ಅಣ್ಣ, ನೀನು ಒಮ್ಮೆ ಹೋಗಿ ನೋಡಿ ಬರಬಹುದಿತ್ತು” ಎಂದಳು, ಅಷ್ಟೇ. ಈಗ ಅವಳು ಮಾನ್ಯತೆಯುಳ್ಳ ಒಂದು ಶಾಲೆಯಲ್ಲಿ ಪುನಃ ಮೊದಲನೆಯ ವರ್ಷದಿಂದ ಕಲಿಯುತ್ತಿದ್ದಾಳೆ. ತನಗಿಂತ ಐದು ವರ್ಷ ಚಿಕ್ಕವರ ಜೊತೆ ಕುಳಿತು ಕಲಿಯುತ್ತಾಳೆ.

ಆ ಅಗ್ಗದ ಶುಲ್ಕದ ನಿಜವಾದ ಬೆಲೆ ಏನು? ಕೆಲಸದಲ್ಲಿ ನಿಂತವರ ಸಂಖ್ಯೆ ಸೊನ್ನೆಯಾದರೆ ಯಾವ ಖರ್ಚೂ ಅಗ್ಗವಲ್ಲ. ನಿಮ್ಮ ಮನೆಗಳಲ್ಲಿ ಹೀಗೆ ಆಗಬಾರದೆಂದೇ ಈ ಪಾಠವನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದುದು: ಯಾವ ಕಲಿಕೆ, ಎಷ್ಟು ಕಾಲ

1. ಎ.ಎನ್.ಎಂ. ಎಂದರೆ ಸಹಾಯಕ ದಾದಿ ಮತ್ತು ಸೂಲಗಿತ್ತಿ ಕಲಿಕೆ. ಅವಧಿ 2 ವರ್ಷ. ಉಪಕೇಂದ್ರಗಳಲ್ಲಿ ತಾಯಿ ಮಕ್ಕಳ ಆರೈಕೆ, ಲಸಿಕೆ ಹಾಕುವುದು ಇವರ ಮುಖ್ಯ ಕೆಲಸ. ಬಯಲು ನಾಡಿನಲ್ಲಿ 5000 ಜನಕ್ಕೆ, ಗುಡ್ಡಗಾಡಿನಲ್ಲಿ ಮತ್ತು ಬುಡಕಟ್ಟು ಪ್ರದೇಶದಲ್ಲಿ 3000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಅಳತೆ.

2. ಜಿ.ಎನ್.ಎಂ. ಎಂದರೆ ಸಾಮಾನ್ಯ ನರ್ಸಿಂಗ್ ಮತ್ತು ಸೂಲಗಿತ್ತಿ ಡಿಪ್ಲೊಮಾ. ಅವಧಿ 3 ವರ್ಷ.

3. ಬಿ.ಎಸ್ಸಿ. ನರ್ಸಿಂಗ್. ಅವಧಿ 4 ವರ್ಷ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು.

4. ಪ್ರಯೋಗಾಲಯ, ಎಕ್ಸ್-ರೇ, ಶಸ್ತ್ರಚಿಕಿತ್ಸಾ ಕೊಠಡಿ ಮುಂತಾದ ಕೆಲಸಗಳಿಗೆ ಅರೆವೈದ್ಯಕೀಯ ಡಿಪ್ಲೊಮಾಗಳು.

5. ಮನೆಯಲ್ಲಿ ಮಲಗಿದ ರೋಗಿಯ ಆರೈಕೆ, ಪ್ರಥಮ ಚಿಕಿತ್ಸೆ ಮುಂತಾದ ಕೆಲವು ವಾರ ಅಥವಾ ತಿಂಗಳುಗಳ ಚಿಕ್ಕ ತರಬೇತಿ. ಇದನ್ನು ಕಲಿತವರು ದಾದಿಯರಲ್ಲ. ಇಂಜೆಕ್ಷನ್ ಕೊಡುವುದು, ಔಷಧಿ ಬದಲಿಸುವುದು ಇವರ ಕೆಲಸವಲ್ಲ. ಆದರೂ ಇವರಿಂದ ಆಗುವ ಉಪಕಾರ ದೊಡ್ಡದು.

ಮೊದಲ ಮೂರು ಕಲಿಕೆಗಳಿಗೆ ಸೇರುವ ಮುನ್ನ “ಈ ಶಾಲೆಯಲ್ಲಿ ಕಲಿತವರಿಗೆ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಆಗುತ್ತದೆಯೇ?” ಎಂದು ಕೇಳತಕ್ಕದ್ದು. ಶಾಲೆಯವರ ಬಾಯಿಮಾತು ಸಾಲದು. ಹಿಂದಿನ ವರ್ಷ ಕಲಿತು ಹೊರಬಂದ ಇಬ್ಬರನ್ನು ಕಂಡು ಅವರ ನೋಂದಣಿ ಪತ್ರವನ್ನು ಕಣ್ಣಾರೆ ನೋಡಿ ಬನ್ನಿ. ಅರ್ಧ ದಿನದ ಕೆಲಸ, ಬಸ್ಸಿನ ಖರ್ಚು ಮಾತ್ರ.

ಮನೆಯ ಲೆಕ್ಕ

ಈಗ ಒಂದು ಮನೆಯ ಲೆಕ್ಕವನ್ನು ಹಾಕೋಣ. ಕೆಳಗಿನ ಅಂಕೆಗಳು ಕ್ರಮ ತೋರಿಸಲು ನಾನು ಇಟ್ಟುಕೊಂಡವು. ನಿಮ್ಮ ಅಂಕೆಗಳನ್ನು ನೀವೇ ವಿಚಾರಿಸಿ ಬರೆದುಕೊಳ್ಳಬೇಕು. ಕಲಿಕೆ 3 ವರ್ಷದ್ದು ಎಂದಿರಲಿ.

ಶುಲ್ಕ ವರ್ಷಕ್ಕೆ 80,000 ರೂಪಾಯಿ. ಹಾಸ್ಟೆಲು ಮತ್ತು ಊಟ ವರ್ಷಕ್ಕೆ 60,000. ಆದರೆ ಮಗಳು ಮನೆಯಲ್ಲಿದ್ದರೂ ಊಟ ಮಾಡುತ್ತಿದ್ದಳಷ್ಟೆ. ಅದು 20,000 ಎಂದಿಟ್ಟುಕೊಂಡು ಕಳೆಯಿರಿ. ತರಬೇತಿಗಾಗಿ ಹೆಚ್ಚಾದುದು 40,000 ಮಾತ್ರ. ಪುಸ್ತಕ, ಸಮವಸ್ತ್ರ, ಬಸ್ಸಿಗೆ 15,000. ಒಟ್ಟು ವರ್ಷಕ್ಕೆ 1,35,000. ಮೂರು ವರ್ಷಕ್ಕೆ 4,05,000.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ಮುಗಿಯಲಿಲ್ಲ. ಮಗಳು ಮನೆಯಲ್ಲಿದ್ದರೆ ಬೀಡಿ ಕಟ್ಟಿಯೋ ಅಂಗಡಿಯಲ್ಲಿ ನಿಂತೋ ತಿಂಗಳಿಗೆ 5,000 ಗಳಿಸುತ್ತಿದ್ದಳು ಎಂದಿರಲಿ. 36 ತಿಂಗಳಿಗೆ 1,80,000 ಆಯಿತು. ಕೈಯಿಂದ ಕೊಡದಿದ್ದರೂ ಅದು ಖರ್ಚೇ. ಗದ್ದೆಯನ್ನು ಹಡಿಲು ಬಿಟ್ಟರೆ ಹಣ ಹೋಗುವುದಿಲ್ಲ, ಆದರೆ ಬೆಳೆ ಹೋಗುತ್ತದೆ. ಇದೂ ಹಾಗೆ. ಪರೀಕ್ಷೆ, ನೋಂದಣಿ, ಕೆಲಸ ಹುಡುಕುವ ಓಡಾಟಕ್ಕೆ 15,000 ಸೇರಿಸಿ. ಒಟ್ಟು ಮೊತ್ತ 6,00,000 ರೂಪಾಯಿ. ಸಾಲ ಮಾಡಿದರೆ ಬಡ್ಡಿ ಬೇರೆ.

ಇನ್ನು ಬರುವ ಕಡೆ ನೋಡೋಣ. ಕೆಲಸ ಸಿಕ್ಕಿ ತಿಂಗಳಿಗೆ 18,000 ಸಂಬಳ ಎಂದಿಟ್ಟುಕೊಳ್ಳಿ. ಮೊದಲೇ 5,000 ಗಳಿಸಬಹುದಿತ್ತಾದುದರಿಂದ ಹೆಚ್ಚಾದುದು 13,000. ಮನೆಯಿಂದಲೇ ಹೋಗಿ ಬರುವ ಕೆಲಸವಾದರೆ 6,00,000 ತಿರುಗಿ ಬರಲು 47 ತಿಂಗಳು, ಅಂದರೆ ಸುಮಾರು 4 ವರ್ಷ ಬೇಕು. ದೂರದ ಪಟ್ಟಣದಲ್ಲಿ ಬಾಡಿಗೆಗೂ ಹೆಚ್ಚಿನ ಖರ್ಚಿಗೂ 6,000 ಹೋದರೆ ಉಳಿಯುವುದು 7,000. ಆಗ 86 ತಿಂಗಳು, ಅಂದರೆ 7 ವರ್ಷಕ್ಕೂ ಮೇಲೆ ಬೇಕು. ಸಂಬಳ ಒಂದೇ, ಕಲಿಕೆ ಒಂದೇ. ಕೆಲಸದ ಜಾಗ ಮಾತ್ರ ಬೇರೆ.

ಈ ಲೆಕ್ಕವನ್ನು ನೋಡಿ ಯಾರೂ ಹೆದರಬೇಕಾಗಿಲ್ಲ. ಹೆಣ್ಣುಮಗಳು ಒಂದು ವಿದ್ಯೆ ಕಲಿತು ತನ್ನ ಕಾಲ ಮೇಲೆ ನಿಲ್ಲುವುದಕ್ಕೆ ರೂಪಾಯಿಯ ಬೆಲೆ ಕಟ್ಟಲಾಗದು. ಆದರೆ ನಾಲ್ಕು ವರ್ಷವೋ ಏಳು ವರ್ಷವೋ ಎಂದು ಮೊದಲೇ ತಿಳಿದಿದ್ದರೆ ಸಾಲ ಎಷ್ಟು ಮಾಡಬೇಕು, ಮದುವೆಯ ಮಾತು ಯಾವಾಗ ಎತ್ತಬೇಕು, ತೋಟ ಅಡವಿಡಬೇಕೇ ಬೇಡವೇ ಎಂಬುದನ್ನು ಮನೆಯವರು ಕೂತು ತೀರ್ಮಾನಿಸಬಹುದು. ಬೇಗನೆ ಆರಂಭಿಸಿದರೆ ಚಿಕ್ಕ ಉಳಿತಾಯವೂ ಸಹಾಯಕ್ಕೆ ಬರುತ್ತದೆ. ನಮ್ಮ ಕರಾವಳಿಯಲ್ಲೇ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ತೊಡಗಿದಾಗ ದಿನಕ್ಕೆ ಎರಡಾಣೆಯಿಂದ ಮನೆಬಾಗಿಲಿನಲ್ಲೇ ಹಣ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಸೇರಿತು. ಆದರೆ ದಿನದ ಚಿಕ್ಕ ಹಣ ವರ್ಷದ ದೊಡ್ಡ ಹಣವಾಗುತ್ತದೆ ಎಂಬ ಪಾಠ ಹಳೆಯದಾಗಿಲ್ಲ. ಮಗಳು ಎಂಟನೆಯ ತರಗತಿಯಲ್ಲಿರುವಾಗಲೇ ದಿನಕ್ಕೆ 50 ರೂಪಾಯಿ ತೆಗೆದಿಟ್ಟರೆ ಪಿ.ಯು.ಸಿ. ಮುಗಿಯುವ ಹೊತ್ತಿಗೆ, ಐದು ವರ್ಷಕ್ಕೆ, ಬಡ್ಡಿ ಬಿಟ್ಟು 91,250 ರೂಪಾಯಿ ಆಗುತ್ತದೆ. ಮೇಲಿನ ಲೆಕ್ಕದಲ್ಲಿ ಒಂದು ವರ್ಷದ ಶುಲ್ಕಕ್ಕಿಂತ ಹೆಚ್ಚು.

ಊರಿನ ಲೆಕ್ಕ

ಈಗ ಹೊಳೆಯಾಚೆಯ ಸಂಘದವರ ಪ್ರಶ್ನೆಗೆ ಬರೋಣ. ಆ ಊರಿನಲ್ಲಿ ಮಕ್ಕಳು ಮುಂಬಯಿ, ಬೆಂಗಳೂರು, ಗಲ್ಫ್ ದೇಶಗಳಲ್ಲಿದ್ದಾರೆ. ಮನೆಯಲ್ಲಿ ವೃದ್ಧರು ಇಬ್ಬರೇ. ಪಾರ್ಶ್ವವಾಯು ಬಡಿದು ಮಲಗಿದವರನ್ನು ಮಗ್ಗುಲು ಬದಲಿಸಿ ಮಲಗಿಸಲು ಸಹ ಜನವಿಲ್ಲ. ಬೆನ್ನಿನಲ್ಲಿ ಹುಣ್ಣಾದ ಮೇಲೆ ಆಸ್ಪತ್ರೆಗೆ ಒಯ್ಯುತ್ತಾರೆ. ಅಂಥ ಮನೆಯೊಂದರ ಜಗಲಿಯಲ್ಲಿಯೇ ನಾವು ಸಭೆ ಕೂತಿದ್ದೆವು. ಒಳಗಿನಿಂದ ಒಬ್ಬ ಅಜ್ಜಿ ನೀರು ಕೇಳುತ್ತಿದ್ದರು. ಆದುದರಿಂದ ಆರೈಕೆ ಕಲಿತವರು ಬೇಕು ಎಂಬುದರಲ್ಲಿ ಸಂಶಯವಿರಲಿಲ್ಲ. ಪ್ರಶ್ನೆ ಇದ್ದುದು ಹೇಗೆ ಎಂಬುದರಲ್ಲಿ.

ಅಂದು ನಾವು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಲೆಕ್ಕ ಹೀಗಿತ್ತು. ಇದೂ ಮಾದರಿ ಅಂಕೆಗಳ ಲೆಕ್ಕವೇ. ನಿಂತ ಖರ್ಚು, ಅಂದರೆ ಕಲಿಸುವವರ ಗೌರವಧನ, ಕೋಣೆ, ಉಪಕರಣಗಳಿಗೆ 1,00,000. ಏರಿಳಿಯುವ ಖರ್ಚು ಒಬ್ಬರಿಗೆ 5,000. ನಡುವೆ ಬಿಟ್ಟವರ ಖರ್ಚೂ ಪೂರ್ತಿ ಬಿತ್ತೆಂದು ಇಟ್ಟುಕೊಳ್ಳಿ.

ಮೊದಲನೆಯ ಯೋಜನೆ: ಹೆಸರು ಕೊಟ್ಟ 20 ಜನರನ್ನೂ ಸೇರಿಸಿಕೊಳ್ಳುವುದು. ಖರ್ಚು 2,00,000. ಸೇರಿದವರ ತಲೆಗೆ 10,000.

ಎರಡನೆಯ ಯೋಜನೆ: ಮನೆಮನೆಗೆ ಹೋಗಿ ಮಾತಾಡಿ, ಆರಿಸಿ, 10 ಜನರನ್ನು ಮಾತ್ರ ಸೇರಿಸುವುದು. ಖರ್ಚು 1,50,000. ಸೇರಿದವರ ತಲೆಗೆ 15,000.

ಸಭೆಯಲ್ಲಿದ್ದವರೆಲ್ಲ ಮೊದಲನೆಯದೇ ಅಗ್ಗವೆಂದರು. ಆಗ ನಾನು ಕೇಳಿದೆ: ಒಂದು ವರ್ಷದ ಮೇಲೆ ಎಷ್ಟು ಜನ ಕೆಲಸದಲ್ಲಿ ಇರುತ್ತಾರೆ? ಅವರೇ ಬೆರಳೆಣಿಸಿದರು. 20 ಜನರಲ್ಲಿ ಕೆಲವರಿಗೆ ಮದುವೆ ನಿಶ್ಚಯವಾಗಿದೆ. ಕೆಲವರು ಬೇರೆ ಕೆಲಸ ಸಿಗುವವರೆಗೆ ಮಾತ್ರ ಬರುತ್ತಾರೆ. ಕೆಲವರ ಮನೆಯಲ್ಲಿ ಒಪ್ಪಿಗೆ ಇಲ್ಲ. ಕೊನೆಗೆ ನಿಲ್ಲುವವರು 8 ಜನ. ಆರಿಸಿದ 10 ಜನರಲ್ಲಿಯೂ ನಿಲ್ಲುವವರು 8 ಜನವೇ. ಈಗ ಪುನಃ ಭಾಗಿಸಿರಿ. ಮೊದಲನೆಯ ಯೋಜನೆಯಲ್ಲಿ ಕೆಲಸದಲ್ಲಿ ನಿಂತ ಒಬ್ಬರಿಗೆ 25,000. ಎರಡನೆಯದರಲ್ಲಿ 18,750. ಅಗ್ಗವೆಂದು ಕಂಡದ್ದು ದುಬಾರಿಯಾಯಿತು.

ಮೂರನೆಯ ಯೋಜನೆಯನ್ನು ಒಬ್ಬ ಹಿರಿಯ ಹೆಂಗಸು ಹೇಳಿದರು. “ಪಕ್ಕದ ಊರಿನವರನ್ನೂ ಕರೆಯೋಣ. ಅವರೂ ಹತ್ತು ಜನರನ್ನು ಆರಿಸಲಿ” ಎಂದರು. ಎರಡು ಊರು ಸೇರಿ ಆರಿಸಿದ 20 ಜನ. ಖರ್ಚು 2,00,000. ನಿಲ್ಲುವವರು 16. ಒಬ್ಬರಿಗೆ 12,500. ಹದವಾದ ಮಣ್ಣು, ತುಂಬಿದ ಗೂಡು. ನನ್ನ ತಂದೆಯವರ ಎರಡು ಮಾತುಗಳೂ ಇದರಲ್ಲಿ ಸೇರಿವೆ.

ಇನ್ನೊಂದು ವಿಷಯವನ್ನೂ ಗಮನಿಸಿರಿ. ಮೊದಲನೆಯ ಯೋಜನೆಯಲ್ಲಿ ಬಿಟ್ಟುಹೋಗುವವರಲ್ಲಿ 4 ಜನ ಸಂಜೆಯ ಕೊನೆಯ ಬಸ್ಸು ತಪ್ಪುತ್ತದೆ ಎಂಬ ಒಂದೇ ಕಾರಣಕ್ಕೆ ಬಿಡುವವರು. ಅವರಿಗಾಗಿ ರಿಕ್ಷಾ ಗೊತ್ತುಮಾಡಲು 20,000 ಹೆಚ್ಚು ಖರ್ಚಾಗಲಿ. ಒಟ್ಟು 2,20,000. ನಿಲ್ಲುವವರು 12. ಒಬ್ಬರಿಗೆ ಸುಮಾರು 18,333. ಖರ್ಚು ಹೆಚ್ಚಿಸಿದರೆ ಒಬ್ಬರ ಮೇಲೆ ಬೀಳುವ ವೆಚ್ಚ ಇಳಿಯಿತು! ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಕೂಡದು ಎಂಬುದು ಹೀಗೆ ಲೆಕ್ಕದಿಂದ ತಿಳಿಯುತ್ತದೆ. ನಾಟಿಯ ವಾರದಲ್ಲಿ ವರ್ಗ ಇಡದಿರುವುದು, ಚಿಕ್ಕ ಮಕ್ಕಳ ತಾಯಂದಿರಿಗಾಗಿ ವರ್ಗದ ಸಮಯವನ್ನು ಅಂಗನವಾಡಿಯ ಸಮಯಕ್ಕೆ ಹೊಂದಿಸುವುದು ಇವಕ್ಕೆ ಹಣವೇ ಬೇಕಿಲ್ಲ.

ನಿಲ್ಲುವವರನ್ನು ಆರಿಸುವುದು

ಈ ನಿಯಮವನ್ನು ಸರ್ಕಾರವೇ ಒಂದು ದೊಡ್ಡ ಯೋಜನೆಯಲ್ಲಿ ಅನುಸರಿಸಿದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಸುಮಾರು 1000 ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ ಎಂದು ಗೊತ್ತುಮಾಡಿದರು. ಅವಳು ಅದೇ ಊರಿನಲ್ಲಿ ವಾಸಿಸುವವಳಾಗಿರಬೇಕು. ಮದುವೆಯಾದವಳು, ವಿಧವೆ ಅಥವಾ ವಿಚ್ಛೇದಿತೆಯಾಗಿದ್ದು, 25ರಿಂದ 45 ವಯಸ್ಸಿನ ಒಳಗಿನವಳಾದರೆ ಒಳ್ಳೆಯದು ಎಂದರು. ಏಕೆ? ಮದುವೆಯಾಗದ ಹುಡುಗಿ ಮದುವೆಯ ಮೇಲೆ ಗಂಡನ ಊರಿಗೆ ಹೋಗುತ್ತಾಳೆ. ಅವಳ ಕಲಿಕೆಯೂ ಅವಳ ಜೊತೆ ಹೋಗುತ್ತದೆ. ಊರಿನಲ್ಲಿ ಬೇರು ಬಿಟ್ಟವಳ ಕಲಿಕೆ ಊರಿನಲ್ಲೇ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮನೆಯ ಲೆಕ್ಕ ಬೇರೆ, ಊರಿನ ಲೆಕ್ಕ ಬೇರೆ. ನಿಮ್ಮ ಮಗಳು ದಾದಿಯಾಗಿ ಗಲ್ಫಿಗೆ ಹೋಗಿ ಹಣ ಕಳುಹಿಸಿದರೆ ಮನೆಯ ಲೆಕ್ಕದಲ್ಲಿ ಅದು ಲಾಭ. ಅವಳನ್ನು ಸಂಘದ ಹಣದಿಂದ ಊರಿನ ಸೇವೆಗೆಂದು ಕಲಿಸಿದ್ದರೆ ಊರಿನ ಲೆಕ್ಕದಲ್ಲಿ ನಷ್ಟ. ಹೋಗುವ ಮಗಳನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಅವಳು ಹೋಗಿ ಬಾಳಲಿ. ಆದುದರಿಂದ ಸಾರ್ವಜನಿಕ ಹಣ ಕೊಡುವಾಗಲೇ “ಎರಡು ವರ್ಷ ಊರಿನಲ್ಲಿ ಕೆಲಸ ಮಾಡುವುದು, ಇಲ್ಲವಾದರೆ ಹಣವನ್ನು ಕಂತಿನಲ್ಲಿ ಹಿಂದಿರುಗಿಸುವುದು” ಎಂದು ಎರಡೂ ಕಡೆಯವರು ಒಪ್ಪಿ ಬರೆದುಕೊಳ್ಳುವುದು ಲೇಸು. ಆಮೇಲೆ ಮುನಿಸು ಇರುವುದಿಲ್ಲ. ಆ ಎರಡು ವರ್ಷ ಅವಳಿಗೆ ನ್ಯಾಯವಾದ ಸಂಬಳ ಕೊಡುವ ಹೊಣೆ ಊರಿನದು ಎಂಬುದನ್ನೂ ಅದರಲ್ಲಿಯೇ ಬರೆಯತಕ್ಕದ್ದು. ಕಲಿತವಳಿಗೆ ಸಂಬಳವಿಲ್ಲದಿದ್ದರೆ ಅವಳು ನಿಲ್ಲುವುದಿಲ್ಲ, ನಿಲ್ಲಬೇಕೆಂದು ಕೇಳುವುದೂ ತಪ್ಪು.

ಇದ್ದುದನ್ನು ಬಳಸುವ ಪಾಠ

ದೊಡ್ಡ ನಿಂತ ಖರ್ಚನ್ನು ಇಳಿಸುವ ಉಪಾಯಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಆಗ ನಮ್ಮ ಜಿಲ್ಲೆ ಮದರಾಸು ರಾಜ್ಯಕ್ಕೆ ಸೇರಿತ್ತು. ವೈದ್ಯಕೀಯ ಕಾಲೇಜಿಗೆ ಎರಡು ದೊಡ್ಡ ಖರ್ಚುಗಳಿವೆ. ಒಂದು ಪಾಠಶಾಲೆ ಮತ್ತು ಪ್ರಯೋಗಶಾಲೆ. ಇನ್ನೊಂದು ನೂರಾರು ಹಾಸಿಗೆಗಳ ಆಸ್ಪತ್ರೆ. ರೋಗಿಗಳಿಲ್ಲದೆ ವೈದ್ಯಕೀಯ ಕಲಿಯಲಾಗದು. ಎರಡನ್ನೂ ಒಮ್ಮೆಗೇ ಕಟ್ಟುವುದು ಸುಲಭದ ಮಾತಲ್ಲ.

ಮಂಗಳೂರಿನಲ್ಲಿ ಆಗಲೇ 1848ರಷ್ಟು ಹಿಂದಿನ ವೆನ್ಲಾಕ್ ಆಸ್ಪತ್ರೆ ಮತ್ತು ಹೆಂಗಸರು, ಮಕ್ಕಳಿಗಾಗಿ ಲೇಡಿ ಗೋಷನ್ ಆಸ್ಪತ್ರೆ ಇದ್ದವು. ಎರಡೂ ಸರ್ಕಾರದ್ದು. ಮೊದಲಿನ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಗಳ ಬಳಿಯ ಕಲಿಕೆ ಮಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಎಂಬ ಏರ್ಪಾಡಾಯಿತು. 1955ರಿಂದ ಮಂಗಳೂರಿನಲ್ಲಿ ಕಾಲೇಜಿನ ವಿಭಾಗ ನಡೆಯಿತು. ಇದ್ದ ಆಸ್ಪತ್ರೆಯಲ್ಲಿ ಕಲಿಯುವವರಿಗೆ ರೋಗಿಗಳು ಸಿಕ್ಕಿದರು, ರೋಗಿಗಳಿಗೆ ವೈದ್ಯರು ಸಿಕ್ಕಿದರು. ಖಾಸಗಿ ವೈದ್ಯಕೀಯ ಕಾಲೇಜು ನಡೆಯಲಾರದು ಎನ್ನುತ್ತಿದ್ದ ಕಾಲದಲ್ಲಿ ಅದು ನಡೆಯಿತು.

ನರ್ಸಿಂಗ್ ಶಾಲೆಗಳಿಗೂ ಇದೇ ಕಟ್ಟು. ಒಬ್ಬ ವಿದ್ಯಾರ್ಥಿನಿಗೆ ಮೂವರು ರೋಗಿಗಳು, ಹತ್ತು ವಿದ್ಯಾರ್ಥಿನಿಯರಿಗೆ ಒಬ್ಬ ಶಿಕ್ಷಕಿ ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿದ ಅಳತೆ. ಮಗಳನ್ನು ಸೇರಿಸುವ ಮುನ್ನ ಶಾಲೆಗೆ ಹೋದಾಗ ಕಟ್ಟಡದ ಬಣ್ಣ ನೋಡಬೇಡಿರಿ. ಆಸ್ಪತ್ರೆ ಎಲ್ಲಿದೆ, ಹಾಸಿಗೆಗಳಲ್ಲಿ ರೋಗಿಗಳು ಇದ್ದಾರೆಯೇ ಎಂದು ನೋಡಿರಿ. ರೋಗಿಗಳಿಲ್ಲದ ಶಾಲೆಯಲ್ಲಿ ನರ್ಸಿಂಗ್ ಕಲಿಯುವುದು ನೀರಿಲ್ಲದ ಕೆರೆಯಲ್ಲಿ ಈಜು ಕಲಿತಂತೆ. ನನ್ನ ತಂಗಿ ಕಲಿತ ಸಂಸ್ಥೆಯಲ್ಲಿ ಇದ್ದುದು ಎರಡು ಮಂಚ, ಒಂದು ಗೊಂಬೆ.

ಊರಿನ ಚಿಕ್ಕ ತರಬೇತಿಗೂ ಹೊಸ ಕಟ್ಟಡ ಬೇಕಿಲ್ಲ. ರಜೆಯ ದಿನ ಶಾಲೆಯ ಕೋಣೆ, ಹಾಲಿನ ಸೊಸೈಟಿಯ ಅಂಗಳ, ಪಂಚಾಯತಿನ ಸಭಾಭವನ ಇವೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಮೊದಲೇ ಕಂಡು, ವಾರಕ್ಕೆ ಒಂದು ದಿನ ಅಲ್ಲಿ ನೋಡಿ ಕಲಿಯಲು ಅನುಮತಿ ಕೇಳಿರಿ. ಕಲಿಸುವವರನ್ನು ಎರಡು ಮೂರು ಊರಿನವರು ಹಂಚಿಕೊಳ್ಳಿರಿ. ಆದರೆ ಕಲಿಸುವವರ ಯೋಗ್ಯತೆಯಲ್ಲಿ ಮಾತ್ರ ಉಳಿತಾಯ ಮಾಡಕೂಡದು. ತಪ್ಪು ಕಲಿತ ಕೈಗೆ ರೋಗಿಯನ್ನು ಒಪ್ಪಿಸುವುದಕ್ಕಿಂತ ಕಲಿಸದಿರುವುದೇ ಮೇಲು.

ಲೆಕ್ಕ ಹಾಕುವ ಆರು ಹಂತಗಳು

1. ಮೊದಲು ಬೇಡಿಕೆ ಎಣಿಸಿರಿ. ಮಲಗಿದ ರೋಗಿಗಳಿರುವ ಮನೆಗಳು ಎಷ್ಟು? ಸಂಬಳ ಕೊಡಬಲ್ಲವು ಎಷ್ಟು, ಸಂಘದ ಸಹಾಯ ಬೇಕಾದವು ಎಷ್ಟು? ಐದು ಜನಕ್ಕೆ ಕೆಲಸವಿರುವಲ್ಲಿ ಇಪ್ಪತ್ತು ಜನರಿಗೆ ಕಲಿಸಬೇಡಿರಿ.

2. ನಿಂತ ಖರ್ಚು, ಏರಿಳಿಯುವ ಖರ್ಚುಗಳನ್ನು ಎರಡು ಪಟ್ಟಿಗಳಾಗಿ ಬರೆಯಿರಿ.

3. ಕಲಿಯುವವರು ಕಳೆದುಕೊಳ್ಳುವ ಕೂಲಿಯನ್ನು ಮರೆಯದೆ ಬರೆಯಿರಿ. ಅದನ್ನು ಯಾರು ತುಂಬಿಕೊಡುವುದು? ಬಡವರ ಮನೆಯವರು ನಡುವೆ ಬಿಡುವುದು ಹೆಚ್ಚಾಗಿ ಇದಕ್ಕೇ.

4. ಎಷ್ಟು ಜನ ಮುಗಿಸುತ್ತಾರೆ, ವರ್ಷದ ಮೇಲೆ ಎಷ್ಟು ಜನ ನಿಲ್ಲುತ್ತಾರೆ ಎಂದು ಆಸೆ ಬಿಟ್ಟು ಅಂದಾಜು ಮಾಡಿರಿ.

5. ಒಟ್ಟು ಖರ್ಚನ್ನು ನಿಲ್ಲುವವರ ಸಂಖ್ಯೆಯಿಂದ ಭಾಗಿಸಿರಿ. ಎರಡು ಮೂರು ಯೋಜನೆಗಳಿಗೆ ಹೀಗೆ ಮಾಡಿ ಹೋಲಿಸಿರಿ.

6. ವರ್ಷದ ಕೊನೆಯಲ್ಲಿ ನಿಜವಾಗಿ ಆದ ಖರ್ಚನ್ನೂ ನಿಂತವರ ಸಂಖ್ಯೆಯನ್ನೂ ಅದೇ ಪುಸ್ತಕದಲ್ಲಿ ಬರೆದು ಸಭೆಯಲ್ಲಿ ಓದಿರಿ. ಮುಂದಿನ ವರ್ಷದ ಅಂದಾಜು ಸರಿಯಾಗುವುದು ಇದರಿಂದಲೇ.

ಅತಿ ಕಡಿಮೆ ಖರ್ಚಿನ ಯೋಜನೆಯೇ ಯಾವಾಗಲೂ ಉತ್ತಮವೆಂದು ತಿಳಿಯಬೇಡಿರಿ. ಹೊಳೆಯ ಬದಿಯ ಕೊನೆಯ ಮನೆಗೆ ಹೋಗಿ ಬರುವ ಕೆಲಸಗಾರ್ತಿಯ ಮೇಲೆ ಹೆಚ್ಚು ಖರ್ಚು ಬೀಳುತ್ತದೆ. ಆ ಮನೆಯಲ್ಲಿ ಮಲಗಿದವರೂ ನಮ್ಮವರೇ. ಲೆಕ್ಕ ಹಾಕುವುದು ಅವರನ್ನು ಬಿಡುವುದಕ್ಕಲ್ಲ, ಅವರವರೆಗೆ ಹಣ ಮುಟ್ಟುವಂತೆ ಮಾಡುವುದಕ್ಕೆ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಕಳೆದ ಐದು ವರ್ಷಗಳಲ್ಲಿ ಆರೋಗ್ಯದ ಯಾವುದಾದರೂ ಕಲಿಕೆಗೆ ಸೇರಿದವರು ಎಷ್ಟು? ಮುಗಿಸಿದವರು ಎಷ್ಟು? ಅದೇ ಕೆಲಸದಲ್ಲಿರುವವರು ಎಷ್ಟು?

2. ನಡುವೆ ಬಿಟ್ಟವರು ಏಕೆ ಬಿಟ್ಟರು? ಊರಿನವರು ಏನು ಮಾಡಿದ್ದರೆ ಅವರು ಮುಗಿಸುತ್ತಿದ್ದರು?

3. ಯಾವ ಪಕ್ಕದ ಊರಿನೊಡನೆ ಸೇರಿ ನಾವು ಒಂದು ವರ್ಗವನ್ನು ತುಂಬಿಸಬಹುದು?

ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದ ಕಾಗದವನ್ನು ಇಟ್ಟುಕೊಂಡಿರಿ. ಮುಂದಿನ ಸಲ ನಾನು ಬಂದಾಗ ಒಟ್ಟಿಗೆ ಕೂತು ಭಾಗಾಕಾರ ಮಾಡೋಣ. ಯಾವುದಾದರೂ ಶಾಲೆಯ ಕರಪತ್ರ ಮನೆಗೆ ಬಂದಿದ್ದರೆ ಅದನ್ನೂ ತನ್ನಿರಿ. ಹಣ ಕಟ್ಟುವ ಮುನ್ನ ಒಬ್ಬರು ಹೋಗಿ ನೋಡಿ ಬರೋಣ. ನಿಮಗೆ ಬಿಡುವಿಲ್ಲದಿದ್ದರೆ ನಾನೇ ಹೋಗಿ ಬರುತ್ತೇನೆ.